ಮಳೆ ಕರೆಯುವ ಮನುಷ್ಯ

ವಡೋದರ
12 ಜುಲೈ 2023

ಪ್ರೀತಿಯ ವೆಂಕಟಸ್ವಾಮಿ ತಾತನಿಗೆ,

ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ಮೊಬೈಲಿನಲ್ಲಿ ಬರೆದು ಕಳಿಸೋಣವೆಂದರೆ ನಿಮ್ಮ ಹತ್ತಿರ ಇರುವುದು ಟಾರ್ಚ್ ಹತ್ತುವ ಡಬ್ಬಾ ಸೆಟ್ಟು. ಹಾಗಾಗಿ ಇಪ್ಪತ್ತಾರನೇ ವಯಸ್ಸಿಗೆ ಮೊದಲ ಸಲ ಅಂಚೆ ಕಚೇರಿಗೆ ಹೋಗಿ ಕವರು ಕೊಂಡೆ. ಗೋಂದು ಹಚ್ಚುವಾಗ ಬೆರಳೆಲ್ಲ ಅಂಟಾಯಿತು.

ತಾತ, ಮೇ ತಿಂಗಳಲ್ಲಿ ಆಂಡರ್ಸನ್‌ಪೇಟೆಯ ನಮ್ಮ ಮನೆ ಮಹಡಿಯಲ್ಲಿ ನೀವು ನನಗಾಗಿ ನಿಂತ ಆ ಆರು ಬೆಳಗುಗಳು ಈಗ ನನ್ನ ಕೋಣೆಯ ಗೋಡೆ ತುಂಬ ಇವೆ. ನಲವತ್ತೊಂದು ಸ್ಕೆಚ್ಚು. ಅವನ್ನೆಲ್ಲ ಕೂಡಿಸಿ ಏಳು ಅಡಿ ಎತ್ತರದ ಒಂದು ಚಿತ್ರ ಶುರುಮಾಡಿದ್ದೇನೆ. ಇಲ್ಲಿ ಚಿತ್ರಕಲಾ ಕಾಲೇಜಿನಲ್ಲಿ ಬಟ್ಟೆ ಇಲ್ಲದೆ ನಿಲ್ಲಲು ಸಂಬಳಕ್ಕೆ ಬರುವವರಿದ್ದಾರೆ. ಅವರನ್ನು ಎಷ್ಟು ಬರೆದರೂ ಅದು ಪಾಠ ಒಪ್ಪಿಸಿದಂತೆ ಆಗುತ್ತಿತ್ತು. ನಮ್ಮ ಊರಿನ ಒಂದು ಮೈ ಬೇಕೆಂದು ನನಗೆ ಹಟ. ಚಿನ್ನದ ಗಣಿಯಲ್ಲಿ ದುಡಿದ ಮೈ.

ನೆಂಟರಲ್ಲದಿದ್ದರೂ ತಾತ ಅಂತ ಕರೆಯುವ ನಿಮ್ಮನ್ನು ಹೇಗೆ ಕೇಳುವುದೆಂದು ಎರಡು ದಿನ ಯೋಚಿಸಿದೆ. ಕೊನೆಗೆ ಸ್ಲೇಟಿನ ಮೇಲೆ 'ಬಟ್ಟೆ ಇಲ್ಲದೆ' ಅಂತ ಬರೆದು ತೋರಿಸಿದೆ. ನೀವು ಓದಿ, 'ಅಷ್ಟೇನಾ?' ಅಂದುಬಿಟ್ಟಿರಿ. ಅಂಗಿ ಮಡಿಸಿ ಕಿಟಕಿ ಮೇಲಿಟ್ಟಿರಿ, ಪಂಚೆ ಮಡಿಸಿ ಅದರ ಮೇಲಿಟ್ಟಿರಿ. ನಾನು 'ನಿಮಗೆ ಹೇಗೆ ಸುಲಭವೋ ಹಾಗೆ ನಿಂತುಕೊಳ್ಳಿ' ಅಂತ ಬರೆದೆ. ನೀವು ಎರಡೂ ಕೈ ಮೇಲೆತ್ತಿ, ಬೆರಳು ಬಿಡಿಸಿ, ಬಾಯಿ ತೆರೆದು, ಒಂದು ಹಿಮ್ಮಡಿ ಎತ್ತಿ ನಿಂತಿರಿ. ಅಬ್ಬಾ! ಎಪ್ಪತ್ತು ದಾಟಿದ ಮನುಷ್ಯ ಹಾಗೆ ನಿಲ್ಲುತ್ತಾನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಮ್ಮ ಕಾಲೇಜಿನಲ್ಲಿ ಯಾರಿಗೂ ಅಂಥ ಧೈರ್ಯವಿಲ್ಲ ತಾತ.

ಅಜ್ಜಿಗೆ ಹೇಳಿದಿರಾ?

ನಿಮ್ಮ ನವ್ಯಶ್ರೀ

*

ಬೂದಿಕೋಟೆ
2 ಆಗಸ್ಟ್ 2023

ಮಗಳೇ ನವ್ಯಶ್ರೀ,

ನಾನು, ಓಬಳಮ್ಮ, ಮೂರು ಹಸು, ಒಂದು ಕರು, ಎಲ್ಲರೂ ಇದ್ದಲ್ಲೇ ಇದ್ದೇವೆ, ಚೆನ್ನಾಗಿದ್ದೇವೆ. ನಿನ್ನ ಕವರನ್ನು ಪೋಸ್ಟ್‌ಮ್ಯಾನು ಡೇರಿ ಮುಂದೆಯೇ ನನ್ನ ಕೈಗಿಟ್ಟ. ಹಾಲು ಹಾಕಲು ನಿಂತವರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ಈ ಕಾಲದಲ್ಲಿ ಕೈಬರಹದ ಕಾಗದ ಬಂದರೆ ಯಾರೋ ಸತ್ತಿರಬೇಕು, ಇಲ್ಲವೇ ಮುದುಕನಿಗೆ ಏನೋ ಹುಚ್ಚು ಹಿಡಿದಿರಬೇಕು ಅಂತ ಲೆಕ್ಕ.

ಓಬಳಮ್ಮನಿಗೆ ಓದಲು ಬಾರದು, ನಿನಗೆ ಗೊತ್ತಲ್ಲ. 'ಏನ್ ಬರ್ದವ್ಳೆ ಆ ಉಡ್ಗಿ?' ಅಂತ ಎಡಗಿವಿಯ ಹತ್ತಿರ ಕೂಗಿದಳು. ಆ ಕಿವಿಯಲ್ಲಿ ಇನ್ನೂ ಸ್ವಲ್ಪ ಜೀವ ಇದೆ. ನನ್ನ ಮುಖ ಚೆನ್ನಾಗಿ ಬಂದಿದೆಯಂತೆ ಅಂದೆ. 'ಆರು ದಿನ ಬಸ್ ಚಾರ್ಜ್ ಕೊಟ್ಕೊಂಡ್ ಓಗಿ ಬರೀ ಮುಖ ಬರ್ಸ್ಕಂಡ್ ಬಂದ್ಯಾ?' ಅಂದಳು. ನಾನು ಹುಲ್ಲು ಹಾಕುವ ನೆವದಲ್ಲಿ ಕೊಟ್ಟಿಗೆಗೆ ಹೋದೆ.

ಅವಳ ಬಾಯಿ ನಿನಗೆ ಗೊತ್ತಿಲ್ಲ. ಗಣಿ ಮುಚ್ಚಿದಾಗಿನಿಂದ ಒಂದೇ ಹಾಡು. 'ಚಿನ್ನದ್ ಗಣಿನಾಗೆ ಇಪ್ಪತ್ತೊಂಬತ್ ವರ್ಸ ದುಡ್ದ ಮಾರಾಯ, ನನ್ ಮೂಗಿಗೆ ಒಂದ್ ಸಾಸ್ವೆ ಕಾಳಷ್ಟು ತರ್ಲಿಲ್ಲ.' ನೆಂಟರ ಮುಂದೆ ಹೇಳುತ್ತಾಳೆ, ಬಸ್ಸಿನಲ್ಲಿ ಹೇಳುತ್ತಾಳೆ, ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಈಗ ಮೂಗಿನಲ್ಲಿರುವುದು ಬಂಗಾರಪೇಟೆ ಸಂತೆಯಲ್ಲಿ ಕೊಂಡ ಬಿಳಿ ಕಲ್ಲು.

ಧೈರ್ಯ ಗೀರ್ಯ ಅಂತ ದೊಡ್ಡ ಮಾತು ಬರೆಯಬೇಡ. ನಿಲ್ಲು ಅಂದೆ, ನಿಂತೆ.

ಇವತ್ತು ಮಧ್ಯಾಹ್ನ ಒಂದು ಕನಸು ಬಿತ್ತು. ಗಣಿ ಮುಚ್ಚಿದ ಮೇಲೆ ಒಳಗೆಲ್ಲ ನೀರು ತುಂಬಿದೆಯಲ್ಲ, ಆ ನೀರಿನಲ್ಲಿ ನಾನು ಮೆಲ್ಲಗೆ ಇಳಿಯುತ್ತಿದ್ದೆ. ನಮ್ಮನ್ನು ಇಳಿಸುತ್ತಿದ್ದ ಕೇಜು ಇಲ್ಲ, ಹಗ್ಗ ಇಲ್ಲ. ಕೆಳಗೆ ಬಂಡೆಯ ಮೇಲೆ ನನ್ನ ಕಿವಿ ಇತ್ತು, ಯಾರೋ ಮರೆತು ಬಂದ ಊಟದ ಡಬ್ಬಿಯ ಹಾಗೆ. ಎತ್ತಿ ಇಟ್ಟುಕೊಂಡೆ. ತಕ್ಷಣ ನಮ್ಮ ಕರು ಅಂಬಾ ಅಂದದ್ದು ಕೇಳಿಸಿತು. ಎದ್ದ ಮೇಲೂ ಸ್ವಲ್ಪ ಹೊತ್ತು ಕೇಳಿಸಿದ ಹಾಗೇ ಇತ್ತು.

ವೆಂಕಟಸ್ವಾಮಿ

*

ವಡೋದರ
20 ಆಗಸ್ಟ್ 2023

ತಾತ,

ಚಿತ್ರ ಮುಗಿಯಿತು! ಮುಗಿಯಿತು ಅಂದರೆ ಮುಗಿಯಿತು ಅನ್ನಲು ಹೆದರಿಕೆ, ಆದರೂ ಬ್ರಷ್ ತೊಳೆದಿಟ್ಟಿದ್ದೇನೆ.

ಹಿನ್ನೆಲೆಗೆ ಊರಿಗಾಂನ ಆ ಬಿಳಿ ದಿಬ್ಬಗಳನ್ನು ಹಾಕಿದ್ದೇನೆ. ಚಿಕ್ಕವಳಿದ್ದಾಗ ಅವು ಚಿನ್ನ ತೆಗೆದ ಮೇಲೆ ಸುರಿದ ಸೈನೈಡ್ ಮಣ್ಣೆಂದು ನನಗೆ ಗೊತ್ತಿರಲಿಲ್ಲ, ಚಂದ್ರನ ತುಂಡು ನಮ್ಮ ಊರಿನಲ್ಲಿ ಬಿದ್ದಿದೆ ಅಂದುಕೊಂಡಿದ್ದೆ. ಅದರ ಮುಂದೆ ನೀವು. ಭುಜದ ಮೇಲಿನ ಆ ನೀಲಿ ಗಾಯದ ಗುರುತು, ಮೊಣಕಾಲಿನ ಗಂಟು, ಹೊಟ್ಟೆಯ ಮಡಿಕೆ, ಯಾವುದನ್ನೂ ನಾನು ಅಡಗಿಸಿಲ್ಲ. ತೆರೆದ ಬಾಯಿ ಆಕಾಶಕ್ಕೆ. ಮೊದಲ ಹನಿ ನಾಲಿಗೆಯ ಮೇಲೆ ಬೀಳಲೆಂದು ಕಾದ ಹಾಗೆ. ಎತ್ತಿದ ಹಿಮ್ಮಡಿ ಇನ್ನೇನು ಕುಣಿಯುವ ಹಾಗೆ. ಹೆಸರು ತಾನಾಗಿಯೇ ಬಂತು: 'ಮಳೆ ಕರೆಯುವ ಮನುಷ್ಯ'.

ನಮ್ಮ ಮೇಷ್ಟ್ರು ಚಿತ್ರದ ಮುಂದೆ ಕಾಲು ಗಂಟೆ ನಿಂತು, 'ಈ ಮನುಷ್ಯನಿಗೆ ತನ್ನ ಮೈ ಬಗ್ಗೆ ಸ್ವಲ್ಪವೂ ನಾಚಿಕೆಯಿಲ್ಲ' ಅಂದರು. ನನಗೆ ಹೆಮ್ಮೆಯಿಂದ ಅಳು ಬಂತು. ಬತ್ತಲೆ ಅನ್ನುವುದು ನೋಡುವವನ ಕಣ್ಣಿನಲ್ಲಿರುತ್ತದೆ, ನಿಂತವನ ಮೈಯಲ್ಲಿ ಅಲ್ಲ ಅಂತ ನಾನು ಪ್ರಬಂಧದಲ್ಲೂ ಬರೆದಿದ್ದೇನೆ.

ನನಗೂ ಒಂದು ಕನಸು. ಚಿತ್ರದ ಚೌಕಟ್ಟಿನೊಳಗೆ ಮಾತ್ರ ಸಣ್ಣಗೆ ಮಳೆ. ನೀವು ನೆನೆಯುತ್ತಾ ನನ್ನ ಕಡೆ ನೋಡಿ, 'ಕೈ ಇಳಿಸಲಾ?' ಅಂತ ಕೇಳಿದಿರಿ. ನಾನು 'ಇನ್ನೊಂದು ಐದು ನಿಮಿಷ ತಾತ' ಅಂದೆ. ಎದ್ದಾಗ ಕಿಟಕಿಯ ಹೊರಗೆ ನಿಜವಾಗಿಯೂ ಮಳೆ!

ನವ್ಯಶ್ರೀ

*

ಬೂದಿಕೋಟೆ
15 ಸೆಪ್ಟೆಂಬರ್ 2023

ಮಗಳೇ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಒಂದು ಸಲ ಡೇರಿ ಕಟ್ಟೆಯ ಮೇಲೆ, ಎರಡು ಸಲ ಹೊಂಗೆ ಮರದ ಕೆಳಗೆ.

ಮಳೆ ಇಲ್ಲಿ ಬರುತ್ತೇನೆ ಅನ್ನುತ್ತದೆ, ಬರುವುದಿಲ್ಲ. ನನ್ನನ್ನು ನೋಡಿ ಬರಬೇಕಾದ ಮಳೆಯಾದರೆ ಬಾರದಿದ್ದರೂ ತಪ್ಪಿಲ್ಲ. ಓಬಳಮ್ಮ ಅವರೆ ಬಿತ್ತಿದ್ದಾಳೆ.

ನೋಡುವವನ ಕಣ್ಣಿನ ವಿಷಯ ಬರೆದಿದ್ದೀಯ. ಓದಿದವಳು, ನಿನಗೆ ಗೊತ್ತಿರುತ್ತದೆ. ಆದರೆ ನಿಂತವನಿಗೂ ಒಂದಿಷ್ಟು ಗೊತ್ತಿರುತ್ತದೆ ಮಗಳೇ.

ನಿನ್ನ ಕನಸಿನಲ್ಲಿ ಅವನು ಕೇಳಿದಾಗ 'ಇಳಿಸು' ಅಂದುಬಿಡಬೇಕಿತ್ತು. ಕೈ ನೋಯುತ್ತದೆ ಅವನಿಗೆ.

ವೆಂಕಟಸ್ವಾಮಿ

*

ವಡೋದರ
3 ನವೆಂಬರ್ 2023

ತಾತ,

ಕಳೆದ ಪತ್ರ ಚಿಕ್ಕದಿತ್ತು. ಭುಜದ ನೋವು ಹೆಚ್ಚಾಗಿದೆಯೇನೋ ಅಂದುಕೊಂಡೆ. ಒಂದು ಮುಲಾಮು ಕಳಿಸುತ್ತಿದ್ದೇನೆ, ಅಜ್ಜಿಯ ಕೈಯಿಂದ ಹಚ್ಚಿಸಿಕೊಳ್ಳಿ.

ಈಗ ದೊಡ್ಡ ಸುದ್ದಿ. ಜನವರಿ ಇಪ್ಪತ್ತರಿಂದ ಒಂಬತ್ತು ದಿನ ಊರಿಗಾಂನ ಒಂದು ಹಳೆಯ ಹಾಲ್‌ನಲ್ಲಿ ನಮ್ಮ ಭಾಗದ ಕಲಾವಿದರ ಪ್ರದರ್ಶನ. ನನ್ನನ್ನೂ ಕರೆದಿದ್ದಾರೆ. ನಾನು ಕಳಿಸುವುದಾದರೆ ಈ ಚಿತ್ರವನ್ನೇ ಕಳಿಸಬೇಕು. ಇಲ್ಲಿನವರು ನೋಡಿ ಹೊಗಳಿದರೆ ನನಗೇನು? ನಮ್ಮ ಜನ ನೋಡಬೇಕು.

ಆದರೆ ಸಮಿತಿಯ ಕೋದಂಡಪ್ಪನವರು ಫೋಟೋ ನೋಡಿ ಫೋನ್ ಮಾಡಿದ್ದರು. 'ನೋಡಮ್ಮ, ಚಿತ್ರ ಚೆನ್ನಾಗೈತೆ, ನಾನ್ ಇಲ್ಲ ಅನ್ನಲ್ಲ. ಎಂಗಸ್ರು ಮಕ್ಳು ಬತ್ತಾರೆ. ಸೊಂಟಕ್ಕೆ ಒಂದ್ ತುಂಡ್ ಪಂಚೆ ಬರ್ದ್‌ಬುಡು, ನಿಂಗೇನ್ ಅರ್ಧ ಗಂಟೆ ಕೆಲ್ಸ' ಅಂದರು. ನನಗೆ ಮೈ ಉರಿಯಿತು. ಶ್ರವಣಬೆಳಗೊಳಕ್ಕೆ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಗಿ ಗೊಮ್ಮಟನಿಗೆ ಕೈ ಮುಗಿಸುತ್ತೀರಲ್ಲ ಸಾರ್, ಅವನಿಗೆ ಯಾವ ಪಂಚೆ ಉಡಿಸಿದ್ದೀರಿ ಅಂತ ಕೇಳಿದೆ. 'ಅವ್ನು ದೇವ್ರಮ್ಮ, ಇವ್ನು ಯಾರೋ ನಮ್ಮೋನು' ಅಂದರು.

ಅವರ ಜೊತೆ ನಾನು ಜಗಳವಾಡುತ್ತೇನೆ. ನನಗೆ ಬೇಕಾದದ್ದು ನಿಮ್ಮ ಒಪ್ಪಿಗೆ ಒಂದೇ. ದೂರದ ಊರಿನಲ್ಲಿ ತೋರಿಸುವುದಕ್ಕೆ ನೀವು ಒಪ್ಪಿದ್ದಿರಿ. ಊರಿಗಾಂ ಬೇರೆ ಮಾತು. ನಿಮ್ಮ ಜೊತೆ ಕೆಲಸ ಮಾಡಿದವರೆಲ್ಲ ಅಲ್ಲೇ ಗಣಿಯ ಲೈನು ಮನೆಗಳಲ್ಲಿದ್ದಾರೆ. ಅಜ್ಜಿಗೂ ತಿಳಿಯಬಹುದು. ನೀವು ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ.

ನವ್ಯಶ್ರೀ

*

ವಡೋದರ
10 ಡಿಸೆಂಬರ್ 2023

ತಾತ,

ಒಂದು ತಿಂಗಳ ಮೇಲಾಯಿತು. ಮುಲಾಮು ಸೇರಿತೋ ಇಲ್ಲವೋ ಗೊತ್ತಿಲ್ಲ. ಅಮ್ಮನನ್ನು ಬೂದಿಕೋಟೆಗೆ ಕಳಿಸೋಣ ಅಂದುಕೊಂಡೆ. ಆದರೆ ಮಹಡಿ ಮೇಲೆ ನಾನು ನಿಮ್ಮ ಕೈಗಳನ್ನು ಮಾತ್ರ ಬರೆಯುತ್ತಿದ್ದೆ ಅಂತ ಅವಳಿಗೆ ಹೇಳಿದ್ದೇನೆ. ಅವಳಿಗೆ ಏನಂತ ಹೇಳಿ ಕಳಿಸಲಿ? ನೋಡಿ, ಅಜ್ಜಿಗೆ ಹೇಳಿದಿರಾ ಅಂತ ನಿಮ್ಮನ್ನು ಕೇಳಿದವಳು ನಾನು.

ನಿಮಗೆ ನಾಚಿಕೆಯಾಗಿದೆ ಅಂತ ನನಗೆ ಅರ್ಥವಾಗುತ್ತಿದೆ. ತಪ್ಪು ನನ್ನದು. ಕೋದಂಡಪ್ಪನವರು ಹೇಳಿದಂತೆಯೇ ಮಾಡುತ್ತೇನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಸೊಂಟಕ್ಕೊಂದು ಪಂಚೆ ಬರೆದುಬಿಡುತ್ತೇನೆ. ಮಳೆ ಕರೆಯಲು ಪಂಚೆ ಅಡ್ಡ ಬರುವುದಿಲ್ಲ.

ಬೇಡ ಅನ್ನುವುದಾದರೂ ಒಂದು ಸಾಲು ಬರೆಯಿರಿ.

ನವ್ಯಶ್ರೀ

*

ಬೂದಿಕೋಟೆ
19 ಡಿಸೆಂಬರ್ 2023

ಮಗಳೇ ನವ್ಯಶ್ರೀ,

ಮುಲಾಮು ಸೇರಿತು. ಓಬಳಮ್ಮ ಅರ್ಧ ನನಗೆ ಹಚ್ಚಿದಳು, ಅರ್ಧ ಹಸುವಿನ ಕಾಲಿಗೆ. ಇಬ್ಬರಿಗೂ ಗುಣವಾಗಿದೆ.

ಪಂಚೆ ಬರೆಯಬೇಡ. ಅದಕ್ಕೇ ಈ ಕಾಗದ. ನಾಲ್ಕು ಸಲ ಬರೆದು ಹರಿದು ಹಾಕಿದೆ, ಇದು ಐದನೆಯದು. ಇದನ್ನೂ ಹರಿಯುವ ಮೊದಲು ಅಂಚೆ ಡಬ್ಬಿಗೆ ಹಾಕುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ಇಪ್ಪತ್ತು ವರ್ಷ. ಡ್ರಿಲ್ಲಿಂಗ್ ಕೆಲಸ. ಶಿಫ್ಟು ಮುಗಿದು ಕೇಜಿನಲ್ಲಿ ಮೇಲೆ ಬಂದರೆ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಬಿಸಿಲು ನೋಡಿದ ಸಂತೋಷ ಹತ್ತು ಹೆಜ್ಜೆಯವರೆಗೆ ಮಾತ್ರ. ಆಮೇಲೆ ಒಂದು ಕೋಣೆ. ಜಡ್ತಿ ಕೋಣೆ ಅನ್ನುತ್ತಿದ್ದೆವು. ಚಿನ್ನ ಕದ್ದು ತಂದಿದ್ದೇವೆಯೇ ಅಂತ ಅಲ್ಲಿ ಮೈ ತಪಾಸಣೆ. ಬಟ್ಟೆ ಬಿಚ್ಚಿ ಮಡಿಸಿ ಪಕ್ಕಕ್ಕಿಡಬೇಕು. ಗೆರೆಯ ಮೇಲೆ ನಿಲ್ಲಬೇಕು. ಎರಡೂ ಕೈ ಮೇಲೆತ್ತಿ ಬೆರಳು ಬಿಡಿಸಬೇಕು, ಬೆರಳ ಸಂದಿಯಲ್ಲಿ ಏನೂ ಇಲ್ಲ ಅಂತ ತೋರಿಸಲು. ಬಾಯಿ ತೆರೆದು ನಾಲಿಗೆ ಎತ್ತಬೇಕು. ಒಂದು ಹಿಮ್ಮಡಿ ಎತ್ತಬೇಕು, ಆಮೇಲೆ ಇನ್ನೊಂದು. ಪುಸ್ತಕ ಹಿಡಿದವನು ನಂಬರು ಕೂಗಿ, 'ಓಗು' ಅನ್ನುತ್ತಿದ್ದ. ಹಿಂದಿನವನು ಮುಂದೆ ಬರುತ್ತಿದ್ದ.

ನಿನ್ನ ಸ್ಲೇಟಿನಲ್ಲಿ 'ಹೇಗೆ ಸುಲಭವೋ ಹಾಗೆ' ಅಂತಿತ್ತು. ಬಟ್ಟೆ ಇಲ್ಲದೆ ಇನ್ನೊಬ್ಬರ ಮುಂದೆ, ಅದೂ ಕೈಯಲ್ಲಿ ಪುಸ್ತಕ ಹಿಡಿದವರ ಮುಂದೆ, ನಿಲ್ಲುವುದು ನನ್ನ ಮೈಗೆ ಒಂದೇ ರೀತಿ ಗೊತ್ತು. ನಾನು ಯೋಚನೆಯನ್ನೇ ಮಾಡಲಿಲ್ಲ, ಕೈ ತಾನಾಗಿ ಮೇಲೆ ಹೋಯಿತು. ನೀನು ಅದನ್ನು ಧೈರ್ಯ ಅಂದೆ. ಅದು ಅಭ್ಯಾಸ ಮಗಳೇ.

ಮಳೆ ಕರೆಯುವವನು ಅಂತ ನೀನು ಬರೆದಾಗ ನಗು ಬಂತು. ಆಮೇಲೆ ಹೊಂಗೆ ಮರದ ಕೆಳಗೆ ಕೂತು ಅತ್ತೆ. ಅಷ್ಟು ಚೆನ್ನಾಗಿ ಕಂಡಿದ್ದೇನಲ್ಲ, ಹೇಳಿ ಯಾಕೆ ಹಾಳುಮಾಡಲಿ ಅಂತ ಸುಮ್ಮನಾದೆ. ಆದರೆ ಊರಿಗಾಂನಲ್ಲಿ ತೋರಿಸುತ್ತೇನೆ ಅಂದೆಯಲ್ಲ, ಅಲ್ಲಿ ನನ್ನ ವಯಸ್ಸಿನವರಲ್ಲಿ ಒಬ್ಬರಿಗೂ ಮಳೆ ಕಾಣುವುದಿಲ್ಲ. ನೋಡಿದ ಕ್ಷಣದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ನನಗೆ ಹೆದರಿಕೆ ಇರುವುದು ಮೈ ಕಂಡೀತು ಅಂತ ಅಲ್ಲ.

ಓಬಳಮ್ಮನಿಗೆ ಇದು ಗೊತ್ತಿಲ್ಲ. ಮದುವೆಯಾಗಿ ಐವತ್ತು ವರ್ಷ ಹತ್ತಿರ ಬಂತು, ನಾನು ಹೇಳಿಲ್ಲ. ನನ್ನ ಜೊತೆ ಕೆಲಸ ಮಾಡಿದ ಬಚ್ಚಪ್ಪನೂ ಅವನ ಹೆಂಡತಿಗೆ ಹೇಳಿಲ್ಲ. ಯಾರೂ ಹೇಳುತ್ತಿರಲಿಲ್ಲ. ಮನೆಗೆ ಬಂದರೆ ನಾವು ಗಂಡಸರು, ಚಿನ್ನದ ಗಣಿಯವರು. ಸಾಸಿವೆ ಕಾಳಷ್ಟು ಚಿನ್ನ ತರಲಿಲ್ಲ ಅಂತ ಅವಳು ಅಂದಾಗ, ತರಲು ಮೈಯಲ್ಲಿ ಜಾಗ ಉಳಿಸಿರಲಿಲ್ಲ ಕಣೇ ಅಂತ ಹೇಗೆ ಹೇಳುವುದು?

ಗೊಮ್ಮಟನ ಮಾತು ಬರೆದಿದ್ದೀಯ. ನಾನೂ ನೋಡಿದ್ದೇನೆ, ಯೂನಿಯನ್‌ನವರು ಒಂದು ಸಲ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದರು. ಅವನ ಕೈ ಕೆಳಗಿದೆ. ಬಿಚ್ಚು ಅಂತ ಅವನಿಗೆ ಯಾರೂ ಹೇಳಲಿಲ್ಲ, ತಾನೇ ಬಿಚ್ಚಿದ. ಎಷ್ಟು ವ್ಯತ್ಯಾಸ ನೋಡು.

ಇಷ್ಟು ಬರೆದ ಮೇಲೂ ಹೂಂ ಅನ್ನಲೋ ಉಹೂಂ ಅನ್ನಲೋ ಗೊತ್ತಾಗುತ್ತಿಲ್ಲ. ಪಂಚೆ ಮಾತ್ರ ಬೇಡ.

ವೆಂಕಟಸ್ವಾಮಿ

*

ವಡೋದರ
28 ಡಿಸೆಂಬರ್ 2023

ತಾತ,

ನಲವತ್ತೊಂದು ಸಲ ನಿಮ್ಮನ್ನು ಬರೆದೆ. ಒಂದು ಸಲವೂ ನೋಡಲಿಲ್ಲ. ನೀವು ಹತ್ತು ನಿಮಿಷಕ್ಕೊಮ್ಮೆ ಹಿಮ್ಮಡಿ ಬದಲಾಯಿಸುತ್ತಿದ್ದಿರಿ, ನಾನು ಅದನ್ನೇ ಕುಣಿತ ಅಂದೆ. ಪುಸ್ತಕ ಹಿಡಿದುಕೊಂಡು ನಿಮ್ಮ ಮುಂದೆ ಕೂತಿದ್ದೆ. ಆರು ದಿನ. ನನ್ನ ಮೇಷ್ಟ್ರು ನಾಚಿಕೆಯಿಲ್ಲದ ಮನುಷ್ಯ ಅಂದಾಗ ಹೆಮ್ಮೆಪಟ್ಟೆ.

ಈ ಚಿತ್ರ ಎಲ್ಲಿಗೂ ಬರುವುದಿಲ್ಲ. ಸುಟ್ಟುಬಿಡುತ್ತೇನೆ. ಸ್ಕೆಚ್ಚುಗಳನ್ನೂ. ಅಜ್ಜಿಗೆ ಏನೂ ಗೊತ್ತಾಗುವುದಿಲ್ಲ. ನನ್ನನ್ನು ಕ್ಷಮಿಸಿ.

ನವ್ಯಶ್ರೀ

*

ಬೂದಿಕೋಟೆ
4 ಜನವರಿ 2024

ಮಗಳೇ,

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಸುಡಬೇಡ. ಅವರು ನನ್ನನ್ನು ಕೇಳದೆ ನೋಡಿದರು. ನೀನು ಕೇಳಿ ನೋಡಿದೆ. ಈಗ ಕೇಳದೆ ಸುಡಬೇಡ.

ಇನ್ನೂ ಒಂದು ಮಾತಿದೆ, ಅದನ್ನು ಹಿಂದಿನ ಕಾಗದದಲ್ಲಿ ಬರೆಯಲಿಲ್ಲ. ಮೊದಲ ದಿನ ನೀನು ನನ್ನ ಬೆನ್ನು ಬರೆದು ಮುಗಿಸಿ, ಎದ್ದು ಬಂದು, ಸ್ಲೇಟಿನಲ್ಲಿ 'ನೋವಾಯಿತಾ ತಾತ, ಸಾಕು, ಇಳಿಸಿ' ಅಂತ ಬರೆದೆ. ಪಂಚೆಯನ್ನು ನೀನೇ ತಂದು ಹೊದಿಸಿದೆ. ಬಿಸಿ ಟೀ ಕೊಟ್ಟೆ, ಲೋಟದ ಪಕ್ಕ ಎರಡು ಬೋಂಡ. ಆವತ್ತು ಬಸ್ಸಿನಲ್ಲಿ ಬರುವಾಗ ನನಗೆ ಏನೋ ಹಗುರ. ಇಪ್ಪತ್ತೊಂಬತ್ತು ವರ್ಷ ಅವರು ನನ್ನ ಮೈಯಲ್ಲಿ ಚಿನ್ನ ಹುಡುಕಿದರು, ನನ್ನನ್ನು ಒಂದು ದಿನವೂ ನೋಡಲಿಲ್ಲ. ನೀನು ಏನನ್ನೂ ಹುಡುಕಲಿಲ್ಲ. ಅದಕ್ಕೇ ಉಳಿದ ಐದು ದಿನ ಬಂದೆ. ಇಲ್ಲದಿದ್ದರೆ ಈ ವಯಸ್ಸಿನಲ್ಲಿ ಎರಡು ಬಸ್ಸು ಬದಲಾಯಿಸಿಕೊಂಡು ಯಾರು ಬರುತ್ತಾರೆ?

ಮೊನ್ನೆ ಮಧ್ಯಾಹ್ನ ಮತ್ತೊಂದು ಕನಸು. ಜಡ್ತಿ ಕೋಣೆಯಲ್ಲಿ ಸಾಲಾಗಿ ನಿಂತಿದ್ದೇವೆ, ಕೈ ಮೇಲಿದೆ, ಬಾಯಿ ತೆರೆದಿದೆ. ಒಳಗೇ ಮಳೆ ಬಂತು. ತಗಡಿನ ಮೇಲೆ ಬಿದ್ದ ಸದ್ದು ಪಟಪಟ ಅಂತ ನನಗೇ ಕೇಳಿಸಿತು. ಪುಸ್ತಕದಲ್ಲಿದ್ದ ನಂಬರುಗಳೆಲ್ಲ ಶಾಯಿಯಾಗಿ ಹರಿದು ಹೋದವು. ಪುಸ್ತಕ ಹಿಡಿದವನು ಪಾಪ, ಅದನ್ನು ತಲೆ ಮೇಲಿಟ್ಟುಕೊಂಡು ಓಡಿದ. ನಾವು ನೀರು ಕುಡಿದೆವು.

ಆದ್ದರಿಂದ ಹೆಸರೂ ಬದಲಾಯಿಸಬೇಡ. ನೀನು ಕಂಡದ್ದು ಪೂರಾ ಸುಳ್ಳಲ್ಲ.

ಊರಿಗಾಂಗೆ ತೆಗೆದುಕೊಂಡು ಬಾ. ನೀನು ಅಲ್ಲಿರುವಾಗ ಮಾತ್ರ ನಾನು ಬರುವುದಿಲ್ಲ. ನಿನ್ನ ಮುಖ ನೋಡುತ್ತಾ ಆ ಚಿತ್ರ ನೋಡಲು ನನ್ನಿಂದಾಗದು. ನೀನು ವಾಪಸು ಹೊರಟ ಮೇಲೆ ಬರುತ್ತೇನೆ. ಓಬಳಮ್ಮನನ್ನೂ ಕರೆತರುತ್ತೇನೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಹೇಗೂ ಯಾರಾದರೂ ಹೇಳುತ್ತಾರೆ, ನಾನೇ ತೋರಿಸುವುದು ಮೇಲು. ಅಕ್ಷರ ಈಗಲೇ ಸೊಟ್ಟ ಬರುತ್ತಿದೆ ನೋಡು.

ವೆಂಕಟಸ್ವಾಮಿ

*

ವಡೋದರ
25 ಜನವರಿ 2024

ತಾತ,

ಕ್ಯಾನ್ವಾಸನ್ನು ಚಾಪೆಯ ಹಾಗೆ ಸುತ್ತಿ ರೈಲಿನಲ್ಲಿ ಊರಿಗಾಂಗೆ ಒಯ್ದು, ಚೌಕಟ್ಟಿಗೆ ಬಿಗಿದು, ಮೂರು ದಿನ ಅದರ ಪಕ್ಕ ನಿಂತು, ಇವತ್ತು ಇಲ್ಲಿಗೆ ಬಂದು ಸೇರಿದೆ. ಪಂಚೆ ಬರೆಯಲಿಲ್ಲ. ಆದರೆ ಕೋದಂಡಪ್ಪನವರು ಬಿಡಲಿಲ್ಲ. ನಿಜವಾದ ಪಂಚೆಯನ್ನೇ ತಂದು ಚಿತ್ರಕ್ಕೆ ಪರದೆಯ ಹಾಗೆ ಇಳಿಬಿಟ್ಟಿದ್ದಾರೆ, ಮೇಲೆ ಎರಡು ಬಟ್ಟೆ ಕ್ಲಿಪ್ಪು. ಬೇಕಾದವರು ಎತ್ತಿ ನೋಡಬಹುದಂತೆ. ಎತ್ತಿ ನೋಡಿ ನಗುವವರನ್ನು ನೋಡಿ ನಾನು ನಾಲ್ಕು ಸಲ ಹೊರಗೆ ಹೋಗಿ ಅತ್ತು ಬಂದೆ. ಎರಡು ಸಲ ಕ್ಲಿಪ್ಪು ಕಿತ್ತೆ, ಎರಡು ಸಲ ಮತ್ತೆ ಹಾಕಿದರು. ಇದು ನಿಮಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ಈ ಪತ್ರ ತಲುಪುವಷ್ಟರಲ್ಲಿ ನೀವು ಹೋಗಿ ಬಂದಿರುತ್ತೀರಿ.

ಅಜ್ಜಿ ಏನಂದರು?

ನವ್ಯಶ್ರೀ

*

ಬೂದಿಕೋಟೆ
31 ಜನವರಿ 2024

ಮಗಳೇ ನವ್ಯಶ್ರೀ,

ಕೊನೆಯ ದಿನ ಹೋದೆವು. ಬಂಗಾರಪೇಟೆಯಲ್ಲಿ ರೈಲು ಹತ್ತಿದೆವು. ಓಬಳಮ್ಮ ಮದುವೆಯ ರೇಷ್ಮೆ ಉಟ್ಟಿದ್ದಳು, ಗಂಡನ ಮುಖ ಗೋಡೆ ಮೇಲೆ ನೋಡಲು ಹೊರಟವಳಲ್ಲವಾ. ರೈಲಿನಲ್ಲಿ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಊರಿಗಾಂ ಬಂದೇಬಿಟ್ಟಿತು. ಬೆಳಗಿನ ಮಂಜಿನಲ್ಲಿ ಬಿಳಿ ದಿಬ್ಬಗಳು ನೆಲದಲ್ಲಿವೆಯೋ ಆಕಾಶದಲ್ಲಿವೆಯೋ ಗೊತ್ತಾಗುತ್ತಿರಲಿಲ್ಲ. ಕನಸಿನೊಳಗೆ ಇಳಿದ ಹಾಗಿತ್ತು.

ಹಾಲ್‌ನಲ್ಲಿ ನಿನ್ನ ಚಿತ್ರದ ಮುಂದೆ ಪಂಚೆ ನೇತಾಡುತ್ತಿತ್ತು. ನಾಲ್ಕು ಜನ ಎತ್ತಿ ನೋಡಿ ಕಿಸಿಕಿಸಿ ನಗುತ್ತಿದ್ದರು. ಅವರ ಹಿಂದೆ ನಮ್ಮ ಬಚ್ಚಪ್ಪ ನಿಂತಿದ್ದ. ನನ್ನ ಜೊತೆ ಹದಿನೆಂಟು ವರ್ಷ ಒಂದೇ ಡ್ರಿಲ್ಲು ಹಿಡಿದವನು, ಈಗ ಊರಿಗಾಂ ಲೈನಿನಲ್ಲೇ ಇದ್ದಾನೆ. ಅವನು ಒಂದು ಅಂಚು ಎತ್ತಿ ಇಣುಕಿದ. ನಗಲಿಲ್ಲ. ಅಂಚನ್ನು ಕೈಯಿಂದ ಬಿಡಲೂ ಇಲ್ಲ. ಆಮೇಲೆ ಎರಡೂ ಕ್ಲಿಪ್ಪು ತೆಗೆದು, ಪಂಚೆ ಎಳೆದು, ನಾಲ್ಕು ಮಡಿಕೆ ಮಾಡಿ ಭುಜದ ಮೇಲೆ ಹಾಕಿಕೊಂಡ.

ಕೋದಂಡಪ್ಪ ಓಡಿ ಬಂದ. ಬಚ್ಚಪ್ಪ ಕೂಗಿದ. ನಾವು ಡ್ರಿಲ್ಲಿನವರು ಮೆಲ್ಲಗೆ ಮಾತಾಡಲು ಕಲಿತಿಲ್ಲ, ಅದಕ್ಕೇ ನನಗೂ ಕೇಳಿಸಿತು. 'ಇವತ್ತ್ ಮುಚ್ತೀಯೇನ್ಲಾ? ಆವತ್ತು ಒಬ್ನಾದ್ರೂ ಬಂದ್ ಮುಚ್ಚಿದ್ನಾ?'

ಒಬ್ಬಳು ಹುಡುಗಿ ಬಚ್ಚಪ್ಪನನ್ನು ಏನೋ ಕೇಳಿದಳು. ಅವನು ಚಿತ್ರದ ಪಕ್ಕಕ್ಕೆ ಹೋಗಿ, ಇಸ್ತ್ರಿ ಮಾಡಿದ ಅಂಗಿಯಲ್ಲೇ, ಎರಡೂ ಕೈ ಮೇಲೆತ್ತಿದ. ಬೆರಳು ಬಿಡಿಸಿದ. ಬಾಯಿ ತೆರೆದ. ಹಿಮ್ಮಡಿ ಎತ್ತಿದ. ಬಾಗಿಲ ಹತ್ತಿರ ನಿಂತಿದ್ದ ಇನ್ನೊಬ್ಬ ಮುದುಕ, ನನಗೆ ಅವನ ಹೆಸರು ಗೊತ್ತಿಲ್ಲ, ಅವನೂ ಬಂದು ಪಕ್ಕದಲ್ಲಿ ಹಾಗೆಯೇ ನಿಂತ. ಕೋದಂಡಪ್ಪ ಸ್ವಲ್ಪ ಹೊತ್ತು ನೋಡಿ, ಚಪ್ಪಲಿ ಬಿಟ್ಟು, ಗೋಡೆಗೆ ಒರಗಿ ನಿಂತುಬಿಟ್ಟ. ಅವನ ಅಪ್ಪನೂ ಗಣಿಯವನೇ ಅಂತ ಆಮೇಲೆ ತಿಳಿಯಿತು.

ಓಬಳಮ್ಮ ಚಿತ್ರ ನೋಡಿದಳು. ಬಚ್ಚಪ್ಪನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬೈಯುತ್ತಾಳೆ ಅಂತ ನಾನು ತಲೆ ತಗ್ಗಿಸಿದೆ. ಗದ್ದ ಹಿಡಿದು ಮುಖ ಎತ್ತಿದಳು, ತುಟಿ ಓದಲಿ ಅಂತ. ಕೂಗಲಿಲ್ಲ.

'ದಿನಾನೂನಾ?'

ಹೌದೆಂದು ತಲೆ ಆಡಿಸಿದೆ.

ಮೂಗಿನ ಬಿಳಿ ಕಲ್ಲನ್ನು ಸೆರಗಿನಿಂದ ಮುಚ್ಚಿಕೊಂಡಳು. ಸೆರಗು ತೆಗೆದಾಗ ಮುಖವೆಲ್ಲ ಒದ್ದೆ. ಅಷ್ಟು ಜನರ ಮುಂದೆ ಚಿತ್ರದ ಹತ್ತಿರ ಹೋಗಿ, ಎತ್ತಿದ ಹಿಮ್ಮಡಿಯ ಕೆಳಗೆ ಅಂಗೈ ಇಟ್ಟಳು. ಕಾಲು ಊರಲಿ ಅಂತ. ಬಣ್ಣ ಮುಟ್ಟಬಾರದು ಅಂತ ಬೋರ್ಡಿತ್ತು, ಅವಳಿಗೆ ಓದಲು ಬಾರದು. ನೀನು ಕ್ಷಮಿಸಬೇಕು.

ವಾಪಸು ರೈಲಿನಲ್ಲಿ ಓಬಳಮ್ಮ ಪಕ್ಕದಲ್ಲೇ ಕೂತಳು. ನನ್ನ ಎರಡೂ ಕೈ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡು ಬಂಗಾರಪೇಟೆಯವರೆಗೆ ಹಿಡಿದುಕೊಂಡೇ ಇದ್ದಳು. ನಾನು ಎಳೆದುಕೊಳ್ಳಲು ನೋಡಿದರೆ, 'ಕೂತ್ಕ ಸುಮ್ಕೆ, ಕೆಳ್ಗಿರ್ಲಿ' ಅಂತ ತುಟಿ ಆಡಿಸಿದಳು. ಮಾರನೆಯ ದಿನ ಹಾಲು ಹಾಕಿ ಬಂದಾಗ ಹಂಡೆ ನೀರು ಕಾಯಿಸಿ ಇಟ್ಟಿದ್ದಳು. ಬೆನ್ನು ಉಜ್ಜಿದಳು. ಸಾಸಿವೆ ಕಾಳಿನ ಹಾಡು ಆವತ್ತಿನಿಂದ ನಿಂತಿದೆ. ಅದಿಲ್ಲದೆ ಮನೆ ಬಿಕೋ ಅನ್ನುತ್ತದೆ, ಒಂದೆರಡು ತಿಂಗಳು ಕಳೆದ ಮೇಲೆ ನಾನೇ ಕೇಳಿ ಹೇಳಿಸುತ್ತೇನೆ.

ಇನ್ನು ಒಂದು ಕೆಲಸ ಇದೆ. ಈ ಬೇಸಿಗೆಗೆ ನೀನು ಬಂದಾಗ ಇನ್ನೊಂದು ಸಲ ನಿಲ್ಲುತ್ತೇನೆ, ಬಟ್ಟೆ ಇಲ್ಲದೆಯೇ. ಓಬಳಮ್ಮನೂ ಬರುತ್ತಾಳಂತೆ, ಬೋಂಡ ಕರಿಯುವುದು ಅವಳ ಪಾಲು. ಅಮ್ಮನಿಗೆ ಮೊದಲೇ ಹೇಳಿಬಿಡು. ಸ್ಲೇಟಿನಲ್ಲಿ ಮತ್ತೆ ಅದೇ ಮಾತು ಬರೆ: 'ನಿಮಗೆ ಹೇಗೆ ಸುಲಭವೋ ಹಾಗೆ ನಿಂತುಕೊಳ್ಳಿ.'

ಕೈ ಎಲ್ಲಿಡಬೇಕು ಅಂತ ನನಗಿನ್ನೂ ತಿಳಿದಿಲ್ಲ. ಸ್ವಲ್ಪ ಹೊತ್ತು ಯೋಚಿಸುತ್ತೇನೆ. ನೀನು ಕಾಯಬೇಕು.

ವೆಂಕಟಸ್ವಾಮಿ